ಜೈನ ಆಗಮಗಳು ಮತ್ತು ಮಲೆನಾಡು

ಜೈನ ಆಗಮಗಳು: ಜೈನರು ಪ್ರಮಾಣವೆಂದು ಒಪ್ಪುವ ಶಾಸ್ತ್ರಗ್ರಂಥಗಳ ಸಮುದಾಯ. ಶ್ರುತ, ಸಿದ್ಧಾಂತ, ಜಿನವಾಣಿ ಎಂಬ ಹೆಸರುಗಳೂ ರೂಢಿಯಲ್ಲಿವೆ. ಒಬ್ಬನೇ ಕರ್ತೃ ಬರೆದ ಒಂದೇ ಗ್ರಂಥವನ್ನು ಜೈನರು ಧರ್ಮಗ್ರಂಥವೆಂದು ಹಿಡಿದವರಲ್ಲ. ತೀರ್ಥಂಕರರ ಉಪದೇಶವನ್ನು ಅವರ ಪ್ರಧಾನ ಶಿಷ್ಯರಾದ ಗಣಧರರು ಸೂತ್ರಕ್ಕೆ ಇಳಿಸಿದರು, ಆಚಾರ್ಯರು ಅದನ್ನು ಬಾಯಿಪಾಠವಾಗಿ ಉಳಿಸಿಕೊಂಡು ಬಂದರು, ಮುಂದಿನವರು ಬರೆದಿಟ್ಟು ಟೀಕೆ ಕಟ್ಟಿದರು ಎಂಬುದು ಸಂಪ್ರದಾಯದ ನಿಲುವು. ಈ ಪರಂಪರೆಯ ದಿಗಂಬರ ಶಾಖೆ ಉಳಿದು ಬಂದದ್ದರಲ್ಲಿ ಕರ್ನಾಟಕದ ಪಾಲು ದೊಡ್ಡದು. ಬನವಾಸಿ, ಹೊಂಬುಜ, ಅಂಗಡಿ, ಕಳಸ, ಕಾರ್ಕಳ, ಮೂಡುಬಿದಿರೆಗಳನ್ನು ಒಳಗೊಂಡ ಮಲೆನಾಡು ಮತ್ತು ಅದರ ಕೆಳಗಿನ ಕರಾವಳಿ ಈ ಶಾಸ್ತ್ರಗಳ ರಚನೆ, ವ್ಯಾಖ್ಯಾನ, ಸಂರಕ್ಷಣೆ ಮೂರಕ್ಕೂ ನೆಲೆಯಾಗಿದ್ದವು. ಈಗಿನ ಚಿಕ್ಕಮಗಳೂರು ಜಿಲ್ಲೆಯ ಬಸದಿಗಳು, ನಿಷಿಧಿಗಳೆಂಬ ಸಮಾಧಿಮರಣದ ಸ್ಮಾರಕಗಳು, ಶಾಸನಗಳು ಈ ಇತಿಹಾಸದ ಭಾಗವಾಗಿವೆ.

ಮೂಲ ಮತ್ತು ಭೇದ

24ನೆಯ ತೀರ್ಥಂಕರ ಮಹಾವೀರನ ನಿರ್ವಾಣವನ್ನು ಸಂಪ್ರದಾಯ ಕ್ರಿ.ಪೂ. 527ಕ್ಕೆ ಹೇಳುತ್ತದೆ. ಅವನ 11 ಗಣಧರರಲ್ಲಿ ಇಂದ್ರಭೂತಿ ಗೌತಮ ಮೊದಲಿಗ. ಉಪದೇಶವೆಲ್ಲ 12 ಅಂಗಗಳಾಗಿ ಹೊಂದಿಕೊಂಡಿತ್ತು. ಹನ್ನೆರಡನೆಯದಾದ ದೃಷ್ಟಿವಾದದಲ್ಲಿ 14 ಪೂರ್ವಗಳು ಅಡಕವಾಗಿದ್ದವು. ಇಷ್ಟನ್ನೂ ಬಲ್ಲ ಶ್ರುತಕೇವಲಿಗಳಲ್ಲಿ ಭದ್ರಬಾಹು ಕೊನೆಯವನು. ಉತ್ತರದಲ್ಲಿ 12 ವರ್ಷದ ಕ್ಷಾಮ ಬರಲಿದೆಯೆಂದು ತಿಳಿದು ಮುನಿಸಂಘ ದಕ್ಷಿಣಕ್ಕೆ ಹೊರಟ ಕಥೆಯನ್ನು ಶ್ರವಣಬೆಳಗೊಳದ ಚಿಕ್ಕಬೆಟ್ಟದ, ಸುಮಾರು ಕ್ರಿ.ಶ. 600ರ ಶಾಸನ ಹೇಳುತ್ತದೆ.

ಮುಂದೆ ಶ್ವೇತಾಂಬರ, ದಿಗಂಬರ ಎಂಬ ಎರಡು ಪಂಥಗಳ ದಾರಿ ಬೇರೆಯಾಯಿತು. ಶ್ವೇತಾಂಬರರು 5ನೆಯ ಶತಮಾನದಲ್ಲಿ ಗುಜರಾತಿನ ವಲಭಿಯಲ್ಲಿ ದೇವರ್ಧಿಗಣಿ ಕ್ಷಮಾಶ್ರಮಣರ ನೇತೃತ್ವದಲ್ಲಿ ಸೇರಿ, ಅರ್ಧಮಾಗಧಿ ಭಾಷೆಯ ಆಗಮಗಳನ್ನು ಬರಹಕ್ಕೆ ಇಳಿಸಿದರು. ಅವರಲ್ಲಿ ಮೂರ್ತಿಪೂಜಕರು 45 ಆಗಮಗಳನ್ನೂ ಸ್ಥಾನಕವಾಸಿಗಳು 32 ಆಗಮಗಳನ್ನೂ ಒಪ್ಪುತ್ತಾರೆ. ಮೂಲ ಅಂಗಗಳು ಕ್ರಮೇಣ ಮರೆತುಹೋದವು, ಮಹಾವೀರನ ನಂತರ 683 ವರ್ಷಗಳ ಹೊತ್ತಿಗೆ ಅಂಗಜ್ಞಾನವುಳ್ಳ ಆಚಾರ್ಯರ ಸಾಲು ಮುಗಿಯಿತು ಎಂಬುದು ದಿಗಂಬರರ ನಂಬಿಕೆ. ಆದ್ದರಿಂದ ವಲಭಿಯ ಸಂಕಲನ ಅವರಿಗೆ ಪ್ರಮಾಣವಲ್ಲ. ದೃಷ್ಟಿವಾದದಿಂದ ಉಳಿದು ಬಂದ ಭಾಗವೆಂದು ಅವರು ಗೌರವಿಸುವುದು ಷಟ್ಖಂಡಾಗಮ ಮತ್ತು ಕಷಾಯಪಾಹುಡಗಳನ್ನು. ಕರ್ನಾಟಕದ ಮೂಲ ಜೈನರು ಬಹುಪಾಲು ದಿಗಂಬರರು. ವ್ಯಾಪಾರಕ್ಕಾಗಿ ರಾಜಸ್ಥಾನ, ಗುಜರಾತುಗಳಿಂದ ಬಂದು ಇಲ್ಲಿನ ಪೇಟೆಗಳಲ್ಲಿ ನೆಲೆಸಿದ ಮನೆತನಗಳು ಹೆಚ್ಚಾಗಿ ಶ್ವೇತಾಂಬರ ಆಗಮಗಳನ್ನು ಅನುಸರಿಸುತ್ತವೆ.

ಷಟ್ಖಂಡಾಗಮ

ಸೌರಾಷ್ಟ್ರದ ಗಿರಿನಾರಿನ ಚಂದ್ರಗುಹೆಯಲ್ಲಿದ್ದ ವೃದ್ಧ ಆಚಾರ್ಯ ಧರಸೇನ ತನ್ನ ತಲೆಗೇ ಶ್ರುತ ಮುಗಿದುಹೋಗಬಾರದೆಂದು ದಕ್ಷಿಣದ ಮುನಿಸಂಘಕ್ಕೆ ಹೇಳಿ ಕಳುಹಿಸಿ, ಪುಷ್ಪದಂತ, ಭೂತಬಲಿ ಎಂಬ ಇಬ್ಬರನ್ನು ಕರೆಸಿಕೊಂಡು ಪಾಠ ಹೇಳಿದನೆಂದು ಷಟ್ಖಂಡಾಗಮದ ಧವಲಾ ಟೀಕೆ ತಿಳಿಸುತ್ತದೆ. ಪಾಠ ಮುಗಿದ ಮೇಲೆ ಪುಷ್ಪದಂತ ವನವಾಸ ದೇಶಕ್ಕೆ, ಅಂದರೆ ಬನವಾಸಿ ಸೀಮೆಗೆ ಬಂದು ಸತ್ಪ್ರರೂಪಣೆಯೆಂಬ ಮೊದಲ ಭಾಗದ 177 ಸೂತ್ರಗಳನ್ನು ರಚಿಸಿದ. ಅವನ್ನು ಶಿಷ್ಯ ಜಿನಪಾಲಿತನ ಕೈಯಲ್ಲಿ ದ್ರಾವಿಡ ದೇಶದಲ್ಲಿದ್ದ ಭೂತಬಲಿಗೆ ಕಳುಹಿಸಿದ. ಉಳಿದುದನ್ನು ಭೂತಬಲಿ ಪೂರೈಸಿದ. ಈ ಕಥನದಂತೆ ದಿಗಂಬರರ ಮೊದಲ ಬರಹರೂಪದ ಆಗಮ ಆರಂಭವಾದದ್ದು ಕನ್ನಡ ನಾಡಿನ ಮಲೆನಾಡಿನ ಅಂಚಿನಲ್ಲಿ. ಗ್ರಂಥ ಮುಗಿದ ಜ್ಯೇಷ್ಠ ಶುದ್ಧ ಪಂಚಮಿಯನ್ನು ಶ್ರುತಪಂಚಮಿಯೆಂದು ಆಚರಿಸುತ್ತಾರೆ. ಬಸದಿಗಳಲ್ಲಿ ಅಂದು ಶಾಸ್ತ್ರಗ್ರಂಥಗಳಿಗೆ ಪೂಜೆ ನಡೆಯುತ್ತದೆ.

ಗ್ರಂಥದ ಭಾಷೆ ಶೌರಸೇನಿ ಪ್ರಾಕೃತ. ಜೀವಸ್ಥಾನ, ಕ್ಷುದ್ರಕಬಂಧ, ಬಂಧಸ್ವಾಮಿತ್ವವಿಚಯ, ವೇದನಾ, ವರ್ಗಣಾ, ಮಹಾಬಂಧ ಎಂಬವು ಆರು ಖಂಡಗಳು. ಜೀವ ಯಾವ ಯಾವ ಸ್ಥಿತಿಯಲ್ಲಿ ಇರುತ್ತದೆ, ಕರ್ಮ ಅದನ್ನು ಹೇಗೆ ಕಟ್ಟುತ್ತದೆ, ಎಷ್ಟು ಕಾಲ ಕಟ್ಟುತ್ತದೆ, ಯಾವ ಕ್ರಮದಲ್ಲಿ ಕಳಚುತ್ತದೆ ಎಂಬುದರ ಲೆಕ್ಕಾಚಾರವೇ ಇದರ ವಸ್ತು. ಗುಣಧರಾಚಾರ್ಯನ ಕಷಾಯಪಾಹುಡ ಕ್ರೋಧ, ಮಾನ, ಮಾಯೆ, ಲೋಭಗಳೆಂಬ ಕಷಾಯಗಳನ್ನು ಇದೇ ರೀತಿಯಲ್ಲಿ ವಿವೇಚಿಸುತ್ತದೆ. ಅದಕ್ಕೆ ಯತಿವೃಷಭನ ಚೂರ್ಣಿಯೆಂಬ ವಿವರಣೆಯಿದೆ.

ರಾಷ್ಟ್ರಕೂಟರ ಕಾಲದಲ್ಲಿ ವೀರಸೇನಾಚಾರ್ಯ ಷಟ್ಖಂಡಾಗಮದ ಮೊದಲ ಐದು ಖಂಡಗಳಿಗೆ 72,000 ಶ್ಲೋಕ ಪ್ರಮಾಣದ ಧವಲಾ ಟೀಕೆಯನ್ನು 816ರಲ್ಲಿ ಮುಗಿಸಿದ. ಕಷಾಯಪಾಹುಡದ ಟೀಕೆ ಜಯಧವಲೆಯನ್ನು ಅವನು 20,000 ಶ್ಲೋಕ ಪ್ರಮಾಣದವರೆಗೆ ಬರೆದು ತೀರಿಕೊಂಡಾಗ, ಶಿಷ್ಯ ಜಿನಸೇನ ಇನ್ನೂ 40,000 ಸೇರಿಸಿ 837ರಲ್ಲಿ, ಅಮೋಘವರ್ಷನ ಆಳ್ವಿಕೆಯಲ್ಲಿ ಪೂರ್ಣಗೊಳಿಸಿದ. ಆರನೆಯ ಖಂಡವಾದ ಮಹಾಬಂಧಕ್ಕೆ ಮಹಾಧವಲ ಎಂಬ ಹೆಸರು ಬಳಕೆಯಲ್ಲಿದೆ. ಈ ಮೂರನ್ನೂ ಸೇರಿಸಿ ಜನ ಸಿದ್ಧಾಂತ ಗ್ರಂಥಗಳೆಂದು ಕರೆಯುತ್ತಾರೆ.

ನಾಲ್ಕು ಅನುಯೋಗಗಳು

ದಿಗಂಬರರು ತಮ್ಮ ಇಡೀ ಶಾಸ್ತ್ರರಾಶಿಯನ್ನು ನಾಲ್ಕು ಅನುಯೋಗಗಳಾಗಿ ವಿಂಗಡಿಸುತ್ತಾರೆ.

ಪ್ರಥಮಾನುಯೋಗದಲ್ಲಿ ತೀರ್ಥಂಕರರ ಮತ್ತು ಮಹಾಪುರುಷರ ಪುರಾಣಗಳು ಬರುತ್ತವೆ. ಜಿನಸೇನನ ಸಂಸ್ಕೃತ ಆದಿಪುರಾಣ, ಗುಣಭದ್ರನ ಉತ್ತರಪುರಾಣ ಇದರ ಆಧಾರಗ್ರಂಥಗಳು. ಕನ್ನಡದಲ್ಲಿ ಪಂಪನ ಆದಿಪುರಾಣ (941), ಪೊನ್ನನ ಶಾಂತಿಪುರಾಣ, ಚಾವುಂಡರಾಯ ಪುರಾಣ (978), ರನ್ನನ ಅಜಿತಪುರಾಣ (993) ಈ ಸಾಲಿಗೆ ಸೇರುತ್ತವೆ. ಶಿವಕೋಟಿಯ ಭಗವತೀ ಆರಾಧನೆಗೆ ಸಂಬಂಧಿಸಿದ 19 ಕಥೆಗಳ ವಡ್ಡಾರಾಧನೆ ಹಳಗನ್ನಡ ಗದ್ಯದ ಹಿರಿಯ ಕೃತಿ.

ಕರಣಾನುಯೋಗದಲ್ಲಿ ಲೋಕದ ರಚನೆ ಮತ್ತು ಕರ್ಮದ ಗಣಿತವಿದೆ. ಷಟ್ಖಂಡಾಗಮದ ಜೊತೆಗೆ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಯ ಗೊಮ್ಮಟಸಾರ, ತ್ರಿಲೋಕಸಾರ ಇಲ್ಲಿ ಮುಖ್ಯ. ಗಂಗರ ಮಂತ್ರಿ ಚಾವುಂಡರಾಯನಿಗಾಗಿ ಧವಲೆಯ ಸಾರವನ್ನು ಗೊಮ್ಮಟಸಾರದಲ್ಲಿ ಹಿಡಿದುಕೊಡಲಾಗಿದೆ.

ಚರಣಾನುಯೋಗ ಆಚಾರಕ್ಕೆ ಸಂಬಂಧಿಸಿದ್ದು. ಮುನಿಗಳಿಗೆ ವಟ್ಟಕೇರನ ಮೂಲಾಚಾರ, ಗೃಹಸ್ಥರಿಗೆ ಸಮಂತಭದ್ರನ ರತ್ನಕರಂಡಕ ಶ್ರಾವಕಾಚಾರ ಪ್ರಸಿದ್ಧ ಕೈಪಿಡಿಗಳು.

ದ್ರವ್ಯಾನುಯೋಗ ತತ್ತ್ವವಿಚಾರ. ಕುಂದಕುಂದನ ಸಮಯಸಾರ, ಪ್ರವಚನಸಾರ, ಪಂಚಾಸ್ತಿಕಾಯ ಇದರ ತಿರುಳು. ತೀರ್ಥಹಳ್ಳಿ ತಾಲ್ಲೂಕಿನಲ್ಲಿ ಆಗುಂಬೆಯ ಹತ್ತಿರವಿರುವ ಕುಂದಾದ್ರಿಯನ್ನು ಸ್ಥಳೀಯ ಪರಂಪರೆ ಈ ಆಚಾರ್ಯನ ತಪೋಭೂಮಿಯೆಂದು ನಂಬುತ್ತದೆ; ಬೆಟ್ಟದ ನೆತ್ತಿಯಲ್ಲಿ ಪಾರ್ಶ್ವನಾಥ ಬಸದಿಯಿದೆ. ಉಮಾಸ್ವಾತಿಯ ತತ್ತ್ವಾರ್ಥಸೂತ್ರ ಎರಡೂ ಪಂಥಗಳಿಗೆ ಮಾನ್ಯವಾದ ಗ್ರಂಥ. ಹತ್ತು ಅಧ್ಯಾಯಗಳ ಈ ಸಂಸ್ಕೃತ ಕೃತಿಯ ದಿಗಂಬರ ಪಾಠದಲ್ಲಿ 357 ಸೂತ್ರಗಳಿವೆ, ಶ್ವೇತಾಂಬರ ಪಾಠದಲ್ಲಿ 344. ಭಾದ್ರಪದದ ದಶಲಕ್ಷಣ ಪರ್ವದಲ್ಲಿ ಇದನ್ನು ಪಾರಾಯಣ ಮಾಡುತ್ತಾರೆ.

ಮುಖ್ಯ ಬೋಧನೆಗಳು

ಜೀವ, ಅಜೀವ, ಆಸ್ರವ, ಬಂಧ, ಸಂವರ, ನಿರ್ಜರಾ, ಮೋಕ್ಷ ಎಂಬ ಏಳು ತತ್ತ್ವಗಳಲ್ಲಿ ಬೋಧನೆಯ ಚೌಕಟ್ಟು ಅಡಗಿದೆ. ಲೋಕವನ್ನು ಸೃಷ್ಟಿಸಿದ ಈಶ್ವರನನ್ನು ಆಗಮಗಳು ಒಪ್ಪುವುದಿಲ್ಲ. ಕರ್ಮವನ್ನು ಅವು ಸೂಕ್ಷ್ಮವಾದ ಪುದ್ಗಲದ್ರವ್ಯ, ಅಂದರೆ ಜಡವಸ್ತು, ಎಂದೇ ತಿಳಿಯುತ್ತವೆ. ಮನಸ್ಸು, ಮಾತು, ಮೈಗಳ ಚಲನೆಯಿಂದ ಅದು ಜೀವದತ್ತ ಹರಿದು ಬರುತ್ತದೆ, ಕಷಾಯಗಳಿದ್ದರೆ ಅಂಟಿಕೊಳ್ಳುತ್ತದೆ. ಬರುವುದನ್ನು ತಡೆಯುವುದು ಸಂವರ, ಅಂಟಿದ್ದನ್ನು ತಪಸ್ಸಿನಿಂದ ಉದುರಿಸುವುದು ನಿರ್ಜರಾ. ಜ್ಞಾನಾವರಣೀಯ, ದರ್ಶನಾವರಣೀಯ, ವೇದನೀಯ, ಮೋಹನೀಯ, ಆಯು, ನಾಮ, ಗೋತ್ರ, ಅಂತರಾಯ ಎಂದು ಕರ್ಮಗಳು ಎಂಟು. ಒಳಭೇದ ಸೇರಿಸಿದರೆ 148. ಮಿಥ್ಯಾತ್ವದಿಂದ ಅಯೋಗಕೇವಲಿ ಸ್ಥಿತಿಯವರೆಗೆ ಜೀವ ಏರುವ ಮೆಟ್ಟಿಲುಗಳು 14, ಅವೇ ಗುಣಸ್ಥಾನಗಳು. ಸಮ್ಯಗ್ದರ್ಶನ, ಸಮ್ಯಗ್ಜ್ಞಾನ, ಸಮ್ಯಕ್ಚಾರಿತ್ರಗಳು ಮೂರೂ ಕೂಡಿದರೆ ಮಾತ್ರ ಮೋಕ್ಷಮಾರ್ಗ.

ವಸ್ತುವಿಗೆ ಹಲವು ಧರ್ಮಗಳಿವೆ, ಒಂದೇ ಹೇಳಿಕೆಯಲ್ಲಿ ಎಲ್ಲವನ್ನೂ ಹಿಡಿಯಲಾಗದು ಎಂಬುದು ಅನೇಕಾಂತ. ಅದನ್ನು ಏಳು ಭಂಗಿಗಳಲ್ಲಿ ಹೇಳುವ ಕ್ರಮ ಸ್ಯಾದ್ವಾದ. ಸಮಂತಭದ್ರನ ಆಪ್ತಮೀಮಾಂಸೆ, ಅದರ ಮೇಲೆ ಅಕಲಂಕನ ಅಷ್ಟಶತಿ, ವಿದ್ಯಾನಂದನ ಅಷ್ಟಸಹಸ್ರಿ ಈ ವಾದವನ್ನು ತರ್ಕದ ನೆಲೆಯಲ್ಲಿ ಬೆಳೆಸಿದವು.

ಅಹಿಂಸೆ, ಸತ್ಯ, ಅಸ್ತೇಯ, ಬ್ರಹ್ಮಚರ್ಯ, ಅಪರಿಗ್ರಹಗಳು ಮುನಿಗಳಿಗೆ ಮಹಾವ್ರತ, ಗೃಹಸ್ಥರಿಗೆ ಅಣುವ್ರತ. ಅಣುವ್ರತಗಳ ಜೊತೆಗೆ ಮದ್ಯ, ಮಾಂಸ, ಜೇನುಗಳ ತ್ಯಾಗವನ್ನೂ ಸೇರಿಸಿ ಎಂಟು ಮೂಲಗುಣಗಳೆಂದು ರತ್ನಕರಂಡಕ ಹೇಳುತ್ತದೆ. ಕಾಡುಜೇನಿಗೆ ಹೆಸರಾದ ಮಲೆನಾಡಿನಲ್ಲೂ ನೇಮ ಹಿಡಿದ ಜೈನರು ಜೇನು ಮುಟ್ಟದಿರುವುದಕ್ಕೆ ಆಧಾರ ಇದೇ. ಹೊತ್ತು ಮುಳುಗುವ ಮೊದಲು ಊಟ ಮುಗಿಸುವುದು, ನೀರನ್ನು ಸೋಸಿ ಬಳಸುವುದು ಶ್ರಾವಕಾಚಾರದ ನಿಯಮಗಳು. ಮಳೆಗಾಲದಲ್ಲಿ ನೆಲವೆಲ್ಲ ಸಣ್ಣ ಜೀವಿಗಳಿಂದ ತುಂಬುವುದರಿಂದ ಮುನಿಗಳು ನಾಲ್ಕು ತಿಂಗಳು ಒಂದೇ ಕಡೆ ನಿಲ್ಲುತ್ತಾರೆ, ಅದು ಚಾತುರ್ಮಾಸ.

ಭೂಮಿ ಮಾಡುವ ಜೈನನಿಗೆ ಅಹಿಂಸೆ ಹೇಗೆ ಸಾಧ್ಯ ಎಂಬ ಪ್ರಶ್ನೆಗೆ ಶಾಸ್ತ್ರ ಉತ್ತರ ಕೊಡುತ್ತದೆ. ಹಿಂಸೆಯನ್ನು ಸಂಕಲ್ಪಿ, ಆರಂಭಿ, ಉದ್ಯೋಗಿ, ವಿರೋಧಿ ಎಂದು ನಾಲ್ಕಾಗಿ ವಿಂಗಡಿಸುತ್ತಾರೆ. ಬೇಕೆಂದು ಕೊಲ್ಲುವ ಸಂಕಲ್ಪಿ ಹಿಂಸೆ ಗೃಹಸ್ಥನಿಗೆ ಪೂರ್ತಿ ನಿಷಿದ್ಧ. ಅಡುಗೆ, ಮನೆಗೆಲಸ, ಕಸುಬು, ಆತ್ಮರಕ್ಷಣೆಗಳಲ್ಲಿ ತಪ್ಪಿಸಲಾಗದ ಹಿಂಸೆಯನ್ನು ಆದಷ್ಟು ತಗ್ಗಿಸಬೇಕು. ವೃಷಭನಾಥ ಜನರಿಗೆ ಕಲಿಸಿದನೆಂದು ಆದಿಪುರಾಣ ಹೇಳುವ ಆರು ಕಸುಬುಗಳಾದ ಅಸಿ, ಮಸಿ, ಕೃಷಿ, ವಿದ್ಯೆ, ವಾಣಿಜ್ಯ, ಶಿಲ್ಪಗಳಲ್ಲಿ ಕೃಷಿಗೂ ಬರವಣಿಗೆಗೂ ಸ್ಥಾನವಿದೆ. ಶ್ವೇತಾಂಬರರ ಉಪಾಸಕದಶಾಂಗ ಮಾತ್ರ ಶ್ರಾವಕ ಬಿಡಬೇಕಾದ 15 ಕಸುಬುಗಳನ್ನು ಪಟ್ಟಿ ಮಾಡುತ್ತದೆ. ಇದ್ದಿಲು ಸುಡುವುದು, ಕಾಡು ಕಡಿದು ಮಾರುವುದು, ಕಾಡಿಗೆ ಬೆಂಕಿ ಕೊಡುವುದು ಅದರಲ್ಲಿವೆ. ಮರದ ನೆರಳನ್ನು ಉಳಿಸಿಕೊಂಡೇ ಕಾಫಿ ಬೆಳೆಯುವ ಸೀಮೆಯಲ್ಲಿ ಈ ಪಟ್ಟಿ ಇಂದಿಗೂ ಓದಿಸಿಕೊಳ್ಳುತ್ತದೆ.

ಚಿಕ್ಕಮಗಳೂರು ಸೀಮೆಯ ನೆಲೆಗಳು

ಮೂಡಿಗೆರೆ ತಾಲ್ಲೂಕಿನ ಅಂಗಡಿಯನ್ನು ಹೊಯ್ಸಳರ ಮೂಲಸ್ಥಾನ ಸೊಸೆವೂರು ಎಂದು ಗುರುತಿಸಲಾಗಿದೆ. ಹುಲಿ ಎರಗಿದಾಗ ಜೈನಮುನಿ ಸುದತ್ತ ಹೊಯ್ಸಳರ ಮೂಲಪುರುಷ ಸಳನಿಗೆ ಹೊಡೆಯೆಂದು ಹೇಳಿದ ಐತಿಹ್ಯ ವಾಸಂತಿಕಾ ದೇವಿಯ ಈ ಊರಿಗೆ ಅಂಟಿಕೊಂಡಿದೆ. ಐತಿಹ್ಯ ಏನೇ ಇರಲಿ, ಊರಿನಲ್ಲಿ ಹಳೆಯ ಬಸದಿಗಳೂ ನಿಷಿಧಿ ಶಾಸನಗಳೂ ಇವೆ. 10ನೆಯ ಶತಮಾನದ ಕೊನೆಯ ಭಾಗದ ಒಂದು ಶಾಸನ ವಿಮಲಚಂದ್ರ ಪಂಡಿತದೇವ ಸನ್ಯಸನದಿಂದ (ಸಲ್ಲೇಖನದಿಂದ) ದೇಹ ಬಿಟ್ಟದ್ದನ್ನು ದಾಖಲಿಸುತ್ತದೆ. ಹೊಯ್ಸಳ ವಿನಯಾದಿತ್ಯನ ಏಳಿಗೆಗೆ ಶಾಂತಿದೇವನೆಂಬ ಜೈನಗುರು ಕಾರಣನೆಂದು ಶ್ರವಣಬೆಳಗೊಳದ 1129ರ ಮಲ್ಲಿಷೇಣ ಪ್ರಶಸ್ತಿ ಹೇಳುತ್ತದೆ. ಇದೇ ತಾಲ್ಲೂಕಿನ ಹಂತೂರಿನಲ್ಲಿ ವಿಷ್ಣುವರ್ಧನನ ಮಗಳು ಹರಿಯಬ್ಬರಸಿ 1130ರಲ್ಲಿ ಎತ್ತರದ ಚೈತ್ಯಾಲಯ ಕಟ್ಟಿಸಿ, ತನ್ನ ಗುರು ಗಂಡವಿಮುಕ್ತ ಸಿದ್ಧಾಂತದೇವನಿಗೆ ದತ್ತಿ ಬಿಟ್ಟಳು. ಸಿದ್ಧಾಂತದೇವ ಎಂಬ ಬಿರುದು ಸಿದ್ಧಾಂತ ಗ್ರಂಥಗಳಲ್ಲಿ ಪರಿಣತರಾದ ಮುನಿಗಳಿಗೆ ಸಲ್ಲುತ್ತಿತ್ತು. ಅಂಗಡಿ, ಹಂತೂರುಗಳ ಶಾಸನಗಳನ್ನು ಬಿ. ಎಲ್. ರೈಸ್ 1901ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕದ ಆಗಿನ ಕಡೂರು ಜಿಲ್ಲೆಯ, ಅಂದರೆ ಈಗಿನ ಚಿಕ್ಕಮಗಳೂರಿನ, ಸಂಪುಟದಲ್ಲಿ ಪ್ರಕಟಿಸಿದರು.

ನಿಷಿಧಿಗಳ ಹಿಂದಿರುವ ವ್ರತ ಸಲ್ಲೇಖನ. ತಪ್ಪಿಸಲಾಗದ ಉಪಸರ್ಗ (ಆಪತ್ತು), ಕ್ಷಾಮ, ಮುಪ್ಪು, ವಾಸಿಯಾಗದ ರೋಗ ಬಂದಾಗ ಧರ್ಮಕ್ಕಾಗಿ ದೇಹ ಬಿಡುವುದನ್ನು ರತ್ನಕರಂಡಕ ಹೀಗೆ ಕರೆಯುತ್ತದೆ. ಕೋಪದಿಂದಲೋ ಹತಾಶೆಯಿಂದಲೋ ಸಾಯುವುದು ಅದಲ್ಲ. ಆಹಾರವನ್ನೂ ಕಷಾಯಗಳನ್ನೂ ಜೊತೆಜೊತೆಗೆ ಕುಗ್ಗಿಸುತ್ತ ಹೋಗಬೇಕು. 2015ರ ಆಗಸ್ಟ್‌ನಲ್ಲಿ ರಾಜಸ್ಥಾನ ಹೈಕೋರ್ಟ್ ಇದನ್ನು ಆತ್ಮಹತ್ಯೆಗೆ ಸಮವೆಂದು ತೀರ್ಪಿತ್ತಿತು. ಅದೇ ತಿಂಗಳು ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆ ನೀಡಿತು.

ಕಳಸ ಮತ್ತು ಕಾರ್ಕಳಗಳನ್ನು ಘಟ್ಟದ ಮೇಲೂ ಕೆಳಗೂ ಆಳಿದ ಭೈರರಸರು ಜೈನರು. ಕಳಸದ ಶಿವದೇವಾಲಯದ ಕಳಸೇಶ್ವರನಿಗೂ ದತ್ತಿ ಬಿಟ್ಟವರು. ಈ ವಂಶದ ವೀರಪಾಂಡ್ಯ ಗುರು ಲಲಿತಕೀರ್ತಿಯ ಉಪದೇಶದಂತೆ 1432ರಲ್ಲಿ ಕಾರ್ಕಳದ ಗೊಮ್ಮಟನನ್ನು ನಿಲ್ಲಿಸಿದ. ಇಮ್ಮಡಿ ಭೈರರಸ 1586ರಲ್ಲಿ ಚತುರ್ಮುಖ ಬಸದಿ ಕಟ್ಟಿಸಿದ. ಶೃಂಗೇರಿ ಪೇಟೆಯ ನಡುವಿನ ಪಾರ್ಶ್ವನಾಥ ಬಸದಿ 12ನೆಯ ಶತಮಾನದ್ದು. ನರಸಿಂಹರಾಜಪುರದ ಸಿಂಹನಗದ್ದೆ ಬಸ್ತಿಮಠ ಜಿಲ್ಲೆಯ ಭಟ್ಟಾರಕ ಪೀಠ, ಅಂದರೆ ಜೈನ ಮಠಾಧಿಪತಿಯ ಗದ್ದುಗೆ. ಚಂದ್ರಪ್ರಭ ತೀರ್ಥಂಕರನ ಯಕ್ಷಿ ಜ್ವಾಲಾಮಾಲಿನಿಗೆ ಅಲ್ಲಿ ನಡೆದುಕೊಳ್ಳುವವರು ಬಹಳ. ಈ ಯಕ್ಷಿಯ ಆರಾಧನೆಗೆ ಇಂದ್ರನಂದಿ 939ರಲ್ಲಿ ಮಾನ್ಯಖೇಟದಲ್ಲಿ ಮುಗಿಸಿದ ಜ್ವಾಲಾಮಾಲಿನೀ ಕಲ್ಪವೆಂಬ ಗ್ರಂಥವಿದೆ. ಸಿದ್ಧಾಂತದ ಪ್ರಕಾರ ಯಕ್ಷಿಯೂ ಸಂಸಾರಿ ಜೀವವೇ, ಮೋಕ್ಷ ಕೊಡಲಾರಳು. ಇಷ್ಟಾರ್ಥ ಬೇಡುವ ಭಕ್ತಿ ಮತ್ತು ವೀತರಾಗನ ಬೋಧನೆ ಎರಡೂ ಒಂದೇ ಬಸದಿಯ ಅಂಗಳದಲ್ಲಿ ನಡೆದುಕೊಂಡು ಬಂದಿವೆ.

ಕನ್ನಡ ವ್ಯಾಖ್ಯಾನಗಳು

ಪ್ರಾಕೃತ, ಸಂಸ್ಕೃತಗಳ ಶಾಸ್ತ್ರವನ್ನು ಮಠದ ಹೊರಗಿನ ಶ್ರಾವಕರಿಗೆ ಮುಟ್ಟಿಸಿದ್ದು ಕನ್ನಡ ಟೀಕೆಗಳು. 11ನೆಯ ಶತಮಾನದಲ್ಲಿ ದಿವಾಕರಣಂದಿ ಸಿದ್ಧಾಂತದೇವ ತತ್ತ್ವಾರ್ಥಸೂತ್ರಕ್ಕೆ ಕನ್ನಡ ವೃತ್ತಿ ಬರೆದ; ಹೊಂಬುಜದ ವರ್ತಕ ಪಟ್ಟಣಸ್ವಾಮಿ ನೊಕ್ಕಯ್ಯ ಸೆಟ್ಟಿ ಅವನ ಶಿಷ್ಯ. 12ನೆಯ ಶತಮಾನದ ಅಧ್ಯಾತ್ಮಿ ಬಾಲಚಂದ್ರ ಕುಂದಕುಂದನ ಕೃತಿಗಳಿಗೆ ಕನ್ನಡದಲ್ಲಿ ವ್ಯಾಖ್ಯಾನ ಮಾಡಿದ. ಕೇಶವವರ್ಣಿ 1359ರಲ್ಲಿ ಗೊಮ್ಮಟಸಾರಕ್ಕೆ ಬರೆದ ಜೀವತತ್ತ್ವಪ್ರದೀಪಿಕೆ ಮುಂದೆ ಸಂಸ್ಕೃತಕ್ಕೆ ಹೋಯಿತು. ಆ ಸಂಸ್ಕೃತ ಟೀಕೆಯನ್ನು ಆಧರಿಸಿ 18ನೆಯ ಶತಮಾನದಲ್ಲಿ ಜಯಪುರದ ಪಂಡಿತ ಟೋಡರಮಲ್ಲ ಹಿಂದಿಯಲ್ಲಿ ಸಮ್ಯಗ್ಜ್ಞಾನಚಂದ್ರಿಕೆಯನ್ನು ರಚಿಸಿದ. ಉತ್ತರ ಭಾರತದ ಗೊಮ್ಮಟಸಾರ ಪಾಠಕ್ಕೆ ಬುಡದಲ್ಲಿರುವುದು ಹೀಗೆ ಒಂದು ಕನ್ನಡ ಟೀಕೆ.

ತಾಳೆಗರಿಯಿಂದ ಮುದ್ರಣಕ್ಕೆ

ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ನಾಲ್ಕು ದಾನಗಳಲ್ಲಿ ಶಾಸ್ತ್ರದಾನವೂ ಒಂದು. ಗ್ರಂಥವನ್ನು ಪ್ರತಿ ಮಾಡಿಸಿ ಮುನಿಗೋ ಬಸದಿಗೋ ಒಪ್ಪಿಸುವುದು ಪುಣ್ಯದ ಕೆಲಸ. ದಾನಚಿಂತಾಮಣಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣಕ್ಕೆ ಸಾವಿರ ಪ್ರತಿ ಮಾಡಿಸಿ ಹಂಚಿದ್ದು ಇದರ ದೊಡ್ಡ ಉದಾಹರಣೆ. ತಾಳೆಗರಿಗೆ ಮಲೆನಾಡಿನ ತೇವ, ಗೆದ್ದಲು, ಹುಳ ಎಲ್ಲವೂ ಶತ್ರುಗಳೇ. ಹಳೆಯ ಕಟ್ಟು ಶಿಥಿಲವಾಗುವ ಮೊದಲೇ ಹೊಸ ಪ್ರತಿ ಸಿದ್ಧವಾಗಬೇಕು. ಶಾಸ್ತ್ರದಾನದ ವ್ರತ ಈ ಅಗತ್ಯವನ್ನು ಧರ್ಮವಾಗಿಸಿದ್ದರಿಂದಲೇ ಗ್ರಂಥಗಳು ಉಳಿದವು.

ಧವಲಾ, ಜಯಧವಲಾ, ಮಹಾಧವಲಗಳ ಪ್ರಾಚೀನ ಪ್ರತಿಗಳು ಉಳಿದದ್ದು ಮೂಡುಬಿದಿರೆಯ ಗುರುಬಸದಿಯಲ್ಲಿ. ಆ ಕಾರಣಕ್ಕೆ ಅದನ್ನು ಸಿದ್ಧಾಂತ ಬಸದಿಯೆಂದೂ ಕರೆಯುತ್ತಾರೆ. ಅಗಲವಾದ ಶ್ರೀತಾಳೆ ಗರಿ, ಹಳಗನ್ನಡ ಲಿಪಿ, ಕೆಲವು ಗರಿಗಳಲ್ಲಿ ಜಿನರ, ಯಕ್ಷಿಯರ, ಭಕ್ತರ ಬಣ್ಣದ ಚಿತ್ರಗಳು: 12ನೆಯ ಶತಮಾನದ ಹೊಯ್ಸಳ ಕಾಲದ ಚಿತ್ರಕಲೆಗೆ ಉಳಿದಿರುವ ಅಪರೂಪದ ಸಾಕ್ಷ್ಯ ಇವು. ಶತಮಾನಗಳ ಕಾಲ ಇವುಗಳಿಗೆ ದರ್ಶನ ಮತ್ತು ಪೂಜೆ ಸಲ್ಲುತ್ತಿತ್ತು, ಓದು ನಿಂತಿತ್ತು. ಸೊಲ್ಲಾಪುರದ ಹಿರಾಚಂದ ನೇಮಚಂದ, ಮುಂಬಯಿಯ ಮಾಣಿಕಚಂದ ಮೊದಲಾದವರ ಪ್ರಯತ್ನದಿಂದ ಸುಮಾರು 1896ರಿಂದ 1922ರವರೆಗೆ ನಕಲು ಕೆಲಸ ನಡೆಯಿತು. ನಕಲು ಮಾಡುತ್ತಿದ್ದ ಗಜಪತಿ ಉಪಾಧ್ಯಾಯರು ಪತ್ನಿ ಲಕ್ಷ್ಮೀಬಾಯಿಯ ನೆರವಿನಿಂದ ಗುಟ್ಟಾಗಿ ಇನ್ನೊಂದು ಕನ್ನಡ ಪ್ರತಿ ಮಾಡಿಟ್ಟುಕೊಂಡರು. ಅದು ಸಹಾರನಪುರಕ್ಕೆ ಹೋಗಿ, ಅಲ್ಲಿಂದ ದೇವನಾಗರಿಯಲ್ಲಿ ಉತ್ತರದ ಊರುಗಳಿಗೆ ಹರಡಿತು. ಹೀರಾಲಾಲ್ ಜೈನ್ ಇಂಥ ಪ್ರತಿಗಳ ಆಧಾರದ ಮೇಲೆ ಅಮರಾವತಿಯಿಂದ 1939ರಲ್ಲಿ ಧವಲೆಯ ಮೊದಲ ಸಂಪುಟ ತಂದರು. ಒಟ್ಟು 16 ಸಂಪುಟಗಳಾದವು. ಬೆಳಗಾವಿ ಜಿಲ್ಲೆಯ ಸದಲಗದ ಆ. ನೇ. ಉಪಾಧ್ಯೆ ಈ ಕೆಲಸದಲ್ಲಿ ಹೀರಾಲಾಲರಿಗೆ ಜೊತೆಯಾದರು. ಉಪಾಧ್ಯೆಯವರು ಸಂಪಾದಿಸಿದ ಪ್ರವಚನಸಾರ 1935ರದ್ದು. ಮಹಾಬಂಧವನ್ನು ಭಾರತೀಯ ಜ್ಞಾನಪೀಠ ಏಳು ಸಂಪುಟಗಳಲ್ಲಿ ಪ್ರಕಟಿಸಿತು. ಕೆ. ಭುಜಬಲಿ ಶಾಸ್ತ್ರಿಗಳು ಮೂಡುಬಿದಿರೆ, ಕಾರ್ಕಳ ಮೊದಲಾದ ಕಡೆಯ ತಾಳೆಗರಿಗಳ ಸೂಚಿಯನ್ನು 1948ರಲ್ಲಿ ಹೊರತಂದರು. ಶ್ರವಣಬೆಳಗೊಳದ ಪ್ರಾಕೃತ ಅಧ್ಯಯನ ಸಂಸ್ಥೆ ಸಿದ್ಧಾಂತ ಗ್ರಂಥಗಳ ಕನ್ನಡ ಅನುವಾದವನ್ನು ಕೈಗೆತ್ತಿಕೊಂಡಿತು.

ಪಾಠವಿಮರ್ಶೆಯ ಒಂದು ಪ್ರಸಂಗ ಈ ಗರಿಗಳ ಬೆಲೆಯನ್ನು ಸ್ಪಷ್ಟಪಡಿಸುತ್ತದೆ. ಸತ್ಪ್ರರೂಪಣೆಯ 93ನೆಯ ಸೂತ್ರ ಮನುಷ್ಯಸ್ತ್ರೀಯರಿಗೆ ಯಾವ ಗುಣಸ್ಥಾನಗಳು ಸಾಧ್ಯವೆಂದು ಹೇಳುತ್ತದೆ. ಉತ್ತರಕ್ಕೆ ಹೋದ ನಕಲುಗಳಲ್ಲಿ ‘ಸಂಜದ’, ಅಂದರೆ ಸಂಯತ, ಎಂಬ ಪದ ಇರಲಿಲ್ಲ. ಮುಂದಿನ ಟೀಕೆಯ ಅರ್ಥ ನೋಡಿದರೆ ಆ ಪದ ಇರಲೇಬೇಕೆಂದು ಸಂಪಾದಕರು ಅಡಿಟಿಪ್ಪಣಿ ಹಾಕಿದರು. ಪದ ಇದ್ದರೆ ಸ್ತ್ರೀಯರಿಗೂ ಮಹಾವ್ರತದ ಸ್ಥಿತಿ, ಅಲ್ಲಿಂದ ಮೋಕ್ಷ ಸಾಧ್ಯವೆಂದಾಗುತ್ತದೆ. ದಿಗಂಬರ ಸಂಪ್ರದಾಯ ಅದನ್ನು ಒಪ್ಪದು. ಪಂಡಿತರಲ್ಲಿ ದೊಡ್ಡ ವಾದವೇ ನಡೆಯಿತು. ಮೂಡುಬಿದಿರೆಯ ಗರಿಗಳನ್ನು ತೆಗೆದು ನೋಡಿದಾಗ ಪದ ಅಲ್ಲಿ ಇತ್ತು. ಸೂತ್ರ ಹೇಳುವುದು ಶರೀರದಿಂದ ಸ್ತ್ರೀಯಾದವರ ವಿಷಯವಲ್ಲ, ಭಾವವೇದದ, ಅಂದರೆ ಭಾವದಲ್ಲಿ ಮಾತ್ರ ಸ್ತ್ರೀಯಾದವರ, ವಿಷಯ ಎಂದು ಸಂಪ್ರದಾಯದ ವಿದ್ವಾಂಸರು ಸಮಾಧಾನ ಹೇಳಿದರು. ಅರ್ಥದ ಚರ್ಚೆ ಅಲ್ಲಿಗೆ ಮುಗಿಯಲಿಲ್ಲ, ಪಾಠದ ಚರ್ಚೆ ಮುಗಿಯಿತು. ಷಟ್ಖಂಡಾಗಮ ಇಂದು ದೇವನಾಗರಿಯ ಮುದ್ರಿತ ಸಂಪುಟಗಳಲ್ಲಿ ದೇಶದೆಲ್ಲೆಡೆ ಸಿಗುತ್ತದೆ. ಸಂದೇಹ ಬಂದಾಗ ನೋಡಬೇಕಾದ ಮೂಲಪ್ರತಿ ಮಾತ್ರ ಕನ್ನಡ ಲಿಪಿಯದು.